ಅಕ್ಷರ ಕಲಿಸಲು ಹಣ: ಮುಂಗಡ ಕೇಳುವವರಿಂದ ದೂರವಿರಿ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ನಮ್ಮೂರಲ್ಲಿ ನಾಲ್ವರು ಗೆಳೆಯರು ಸೇರಿ ತೋಟದ ಕೆಲಸದ ಹೆಂಗಸರಿಗೆ ಸಂಜೆ ಓದು ಬರಹ ಕಲಿಸುತ್ತಿದ್ದೇವೆ. 22 ಜನ ಬರುತ್ತಾರೆ. ಒಬ್ಬರು ಬಂದು, ‘ಟ್ರಸ್ಟ್ ಮಾಡಿ, 50 ಸಾವಿರ ಕೊಡಿ, ಕಂಪನಿಯಿಂದ 10 ಲಕ್ಷ ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ) ಹಣ ಕೊಡಿಸುತ್ತೇನೆ’ ಎನ್ನುತ್ತಿದ್ದಾರೆ. ಒಪ್ಪಬಹುದೇ?

ಬೇಡ. ಈ ಪ್ರಶ್ನೆಗೆ ಎಷ್ಟನೇ ಸಲ ಉತ್ತರಿಸುತ್ತಿದ್ದೇನೋ ಲೆಕ್ಕವಿಲ್ಲ, ಊರು ಮತ್ತು ಮೊತ್ತ ಮಾತ್ರ ಬದಲಾಗುತ್ತವೆ. ಹೊರಗಿನ ಟ್ರಸ್ಟಿನ ಮೂಲಕ ಕಂಪನಿ ಸಿಎಸ್‌ಆರ್ ಕೆಲಸ ಮಾಡಿಸಬೇಕಾದರೆ ಆ ಟ್ರಸ್ಟಿಗೆ ಆದಾಯ ತೆರಿಗೆ ಇಲಾಖೆಯ 12ಎ, 80ಜಿ ನೋಂದಣಿ ಇರಬೇಕು, ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ದಾಖಲೆ ಇರಬೇಕು. 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ಎಂಬ ನೋಂದಣಿ ನಮೂನೆಯೂ ಕಡ್ಡಾಯ. ಹೋದ ವಾರ ಹುಟ್ಟಿದ ಟ್ರಸ್ಟಿಗೆ ಮೂರು ವರ್ಷ ಎಲ್ಲಿಂದ ತರುತ್ತಾರಂತೆ? ಹಳೇ ತಾರೀಕಿನ ವರದಿ ಬರೆದುಕೊಡುತ್ತಾರೆ, ಅದರಡಿ ಸಹಿ ಹಾಕುವವರು ನೀವು.

ಅಷ್ಟಕ್ಕೂ 22 ಜನಕ್ಕೆ 10 ಲಕ್ಷ ಯಾಕೆ ಬೇಕು? ಕೇಂದ್ರದ ಉಲ್ಲಾಸ್ ಯೋಜನೆಯನ್ನೇ ನೋಡಿ. 2022ರಿಂದ 2027ರವರೆಗೆ 5 ಕೋಟಿ ಜನರನ್ನು ಸಾಕ್ಷರರಾಗಿಸಲು ಇಟ್ಟಿದ್ದು 1037.90 ಕೋಟಿ ರೂಪಾಯಿ. ತಲೆಗೆ 210 ರೂಪಾಯಿಯೂ ಬೀಳುವುದಿಲ್ಲ. ಅಲ್ಲಿಂದ ನಗದು ಬರುತ್ತದೆಂದು ಕಾಯಬೇಡಿ. ಜಿಲ್ಲಾ ಲೋಕ ಶಿಕ್ಷಣ ಸಮಿತಿಗೆ ಹೋಗಿ ಕಲಿಯುವವರ ಹೆಸರು ಬರೆಸಿ, ಪಠ್ಯಪುಸ್ತಕ ಕೇಳಿ, 150 ಅಂಕದ ಪರೀಕ್ಷೆಗೆ ಕೂರಿಸಿ.

ನನ್ನನ್ನು ಕೇಳಿದರೆ ನಿಮ್ಮ ಮೊದಲ ಖರ್ಚು ಕನ್ನಡಕ. ಹಿಂದೆ ಅರಕಲಗೂಡು ಕಡೆ ಪಾಠ ಮಾಡುವಾಗ ಒಬ್ಬ ಹೆಂಗಸು ‘ರ’ಕ್ಕೂ ‘ಠ’ಕ್ಕೂ ವ್ಯತ್ಯಾಸವೇ ಇಲ್ಲವೆಂದು ಹಟ ಹಿಡಿದಿದ್ದರು. ನಾಲ್ಕು ಸಲ ತಿದ್ದಿಸಿ, ಗದರಿಬಿಟ್ಟೆ. ಒಳಗಿನ ಚುಕ್ಕಿ ಅವರಿಗೆ ಕಾಣುತ್ತಲೇ ಇರಲಿಲ್ಲ. ನೆನೆದರೆ ಈಗಲೂ ನಾಚಿಕೆ. ನಲವತ್ತು ದಾಟಿದವರ ಕಣ್ಣು ತೋರಿಸದೆ ಸ್ಲೇಟು ಹಂಚಬೇಡಿ. ‘ತಲೆಗೆ ಹತ್ತಲ್ಲ ಸಾರ್’ ಎಂದು ಬಿಟ್ಟು ಹೋಗುವ ಎಷ್ಟೋ ಜನರ ಕಥೆ ಇಷ್ಟೇ.

ಉಳಿದದ್ದನ್ನು ಊರಲ್ಲೇ ಕೇಳಿ. ಕಾರ್ಮಿಕರ ಲೈನ್ ಮನೆಗಳ ಹತ್ತಿರ ಒಂದು ಕೋಣೆ, ಒಂದು ಬಲ್ಬು ಕೊಡುವುದು ಎಸ್ಟೇಟ್ ಮಾಲೀಕರಿಗೆ ಭಾರವಲ್ಲ. ಪಂಚಾಯಿತಿಯ ಅರಿವು ಕೇಂದ್ರವನ್ನೂ (ಗ್ರಂಥಾಲಯ) ವಿಚಾರಿಸಿ. ಕನ್ನಡಕವನ್ನೂ ಅಷ್ಟೇ, ದಾನಿಯೇ ಅಂಗಡಿಗೆ ದುಡ್ಡು ಕಟ್ಟಲಿ, ನಿಮ್ಮ ಕೈಗೆ ಬೇಡ. ನಗದು ಬಂದ ಮೇಲೆ ಗೆಳೆಯರ ನಡುವೆ ಲೆಕ್ಕದ ಜಗಳವಾಗಿ ಬಾಗಿಲು ಹಾಕಿದ ಎರಡು ಕೇಂದ್ರಗಳನ್ನು ಕಂಡಿದ್ದೇನೆ, ಆ ಹೆದರಿಕೆ ನನ್ನದು. ಇನ್ನೊಂದು, ಅರೇಬಿಕಾ ಕಾಫಿ ಕೊಯ್ಲಿನ ತಿಂಗಳಲ್ಲಿ ದಾನಿಗಳನ್ನು ಕರೆತರಬೇಡಿ. ಖಾಲಿ ಚಾಪೆ ನೋಡಿಕೊಂಡು ಹೋಗುತ್ತಾರೆ.

ಪ್ರಶ್ನೆ: ಸ್ವಯಂಸೇವಕರಿಗೆ ಸರ್ಕಾರ ತಿಂಗಳ ಗೌರವಧನ ಕೊಡುತ್ತದಂತೆ, ಹೌದೇ? (ಬೇಲೂರು)

ಉಲ್ಲಾಸ್‌ನಲ್ಲಿ ಇಲ್ಲ. ಹಿಂದಿನ ಸಾಕ್ಷರ ಭಾರತ್ ಯೋಜನೆಯ ಕಾಲದಲ್ಲಿ ಪ್ರೇರಕರಿಗೆ (ಊರಿನ ಕಲಿಕಾ ಕೇಂದ್ರ ನಡೆಸುವವರಿಗೆ) ತಿಂಗಳಿಗೆ 2000 ರೂಪಾಯಿ ಇತ್ತು, ಆ ಯೋಜನೆ 2018ರಲ್ಲೇ ಮುಗಿಯಿತು. ವಾಟ್ಸಾಪ್‌ನಲ್ಲಿ ಅರ್ಜಿ ನಮೂನೆ ಮಾರುವವರ ನಂಬರನ್ನು ಪೊಲೀಸರಿಗೆ ಕೊಡಿ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ನಮ್ಮ ಸಂಘಕ್ಕೆ ಹಣ ಕಳಿಸಬಹುದೇ? (ಚನ್ನರಾಯಪಟ್ಟಣ)

ಮೊದಲು ಪಾಸ್‌ಪೋರ್ಟ್ ಯಾವ ದೇಶದ್ದೆಂದು ಕೇಳಿ. ಭಾರತದ್ದಾದರೆ ಸ್ವಂತ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಲಿ. ಅಲ್ಲಿನ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ಅನುಮತಿಯಿಲ್ಲದೆ ಒಂದು ಪೈಸೆಯನ್ನೂ ಮುಟ್ಟಬೇಡಿ.

ಪ್ರಶ್ನೆ: ಎಪ್ಪತ್ತು ದಾಟಿದವರಿಗೆ ಕಲಿಸಿದರೆ ವಿಶೇಷ ಅನುದಾನವಿದೆಯೇ? (ಕಡೂರು)

ಇಲ್ಲ. ಕನ್ನಡಕ ಕೊಡಿಸಿ.