ಎಷ್ಟು ದಿನ ತಿನ್ನಬೇಕು ಇದನ್ನ?

ಪ್ರಶ್ನೆ: ಅಕ್ಕಾ, ನನಗೆ 38 ವರ್ಷ. ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ಹೋದ ವರ್ಷ ತಂಗಿಯ ಮದುವೆಗೆ ಮೊದಲು ಮೂರು ತಿಂಗಳು ರೊಟ್ಟಿ, ಅನ್ನ ಎಲ್ಲ ಬಿಟ್ಟೆ. ಬರೀ ಓಟ್ಸ್, ಸೌತೆಕಾಯಿ, ಮೊಟ್ಟೆಯ ಬಿಳಿ ಭಾಗ. ದಿನಾ ಬೆಳಗ್ಗೆ ಒಂದು ತಾಸು ಓಟ. 84 ಕೆಜಿಯಿಂದ 75ಕ್ಕೆ ಇಳಿದೆ. ಆಮೇಲೆ ಭತ್ತದ ಸೀಸನ್ ಶುರುವಾಯಿತು, ಮಿಲ್‌ನಲ್ಲೇ ರಾತ್ರಿ ಹತ್ತಾಗುತ್ತಿತ್ತು. ಒಂದು ಸಂಜೆ ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ತಿಂದೆ. ಸೋಮವಾರದಿಂದ ಮತ್ತೆ ಶುರು ಮಾಡೋಣ ಅಂದುಕೊಂಡೆ. ಆ ಸೋಮವಾರ ಬರಲೇ ಇಲ್ಲ. ಈಗ 86 ಕೆಜಿ. ತಂದೆಗೆ ಸಕ್ಕರೆ ಕಾಯಿಲೆ ಇದೆ, ಅದಕ್ಕೇ ಭಯ. ನನ್ನ ಮನಸ್ಸು ಗಟ್ಟಿ ಇಲ್ವಾ?

ಉತ್ತರ: ತಮ್ಮಾ, ಮೂರು ತಿಂಗಳು ನಸುಕಿನಲ್ಲಿ ಎದ್ದು ಓಡಿದವರ ಮನಸ್ಸು ಗಟ್ಟಿ ಇಲ್ಲ ಅಂತ ಹೇಗೆ ಹೇಳಲಿ? ನೀವು ಹಿಡಿದ ಊಟ ನಿಮ್ಮ ಮನೆಯದಾಗಿರಲಿಲ್ಲ, ಅಷ್ಟೇ.

ಮೊದಲು ನಾನೂ ಇಂಥದ್ದೇ ಚಾರ್ಟ್ ಬರೆದು ಕೊಡುತ್ತಿದ್ದೆ. ಬಳ್ಳಾರಿಯ ಕೌಲ್ ಬಜಾರಿನಿಂದ ಬಂದಿದ್ದ ಒಬ್ಬ ಅಜ್ಜಿ ಅದನ್ನು ಮೊಮ್ಮಗನಿಂದ ಓದಿಸಿಕೊಂಡು, "ಯವ್ವಾ, ಎಷ್ಟು ದಿನ ತಿನ್ನಬೇಕು ಇದನ್ನ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತಿನಿಂದ ಏನೇ ಬರೆಯುವ ಮೊದಲೂ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಳ್ಳುತ್ತೇನೆ.

ಆ ಸಂಜೆಯ ಲೆಕ್ಕ ನೋಡೋಣ, ಲೆಕ್ಕ ನಿಮ್ಮ ಕೆಲಸವೇ ಅಲ್ವಾ. ಒಂದು ಕೆಜಿ ಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ. ನಾಲ್ಕು ಮಿರ್ಚಿಯಲ್ಲಿ ಅಷ್ಟು ಎಲ್ಲಿಂದ ಬರಬೇಕು? ಮರುದಿನ ತೂಕ ಒಂದು ಕೆಜಿ ಏರಿ ಕಂಡರೂ ಅದರಲ್ಲಿ ಜಾಸ್ತಿ ಪಾಲು ಉಪ್ಪು ಹಿಡಿದಿಟ್ಟ ನೀರು. ನಿಮ್ಮನ್ನು ಕೆಡಿಸಿದ್ದು ಆ ತಟ್ಟೆಗಿಂತ ಸೋಮವಾರಕ್ಕೆ ಕಾದ ದಿನಗಳು. ಸಂಜೆ ಮಿರ್ಚಿ ತಿಂದಿರಾ? ರಾತ್ರಿ ಊಟ ಎಂದಿನಂತೆ ಮಾಡಿ. ಉಪವಾಸವೂ ಬೇಡ, ಮರುದಿನ ಎರಡು ತಾಸು ಓಡುವುದೂ ಬೇಡ.

ಇನ್ನೊಂದು ವಿಷಯ. ತೂಕ ಇಳಿದ ಮೈಗೆ ಮೊದಲಿನಷ್ಟು ಊಟ ಬೇಕಾಗುವುದಿಲ್ಲ, ಆದರೆ ಹಸಿವು ಮಾತ್ರ ಜಾಸ್ತಿಯಾಗುತ್ತದೆ. 75ಕ್ಕೆ ಇಳಿದ ಮೇಲೆ 84ರ ಊಟಕ್ಕೆ ಮರಳಿದರೆ ತೂಕವೂ ಮರಳುತ್ತದೆ. ಆದ್ದರಿಂದ ಈ ಸಲ ವಾರಕ್ಕೆ ಅರ್ಧ ಕೆಜಿ ಇಳಿದರೂ ಸಾಕು. ಕೆಲವು ವಾರ ಏನೂ ಇಳಿಯುವುದಿಲ್ಲ, ಹೆದರಬೇಡಿ.

ಜೋಳದ ರೊಟ್ಟಿ ಮತ್ತೆ ಶುರು ಮಾಡಿ. ಅದನ್ನು ಬಿಟ್ಟಿದ್ದೇ ನನಗೆ ಬೇಸರ. ನಾಲ್ಕು ತಿನ್ನುತ್ತಿದ್ದರೆ ಎರಡು ತಿನ್ನಿ. ಕಡಿಮೆ ಮಾಡಿದ ಜಾಗಕ್ಕೆ ಮಡಿಕೆ ಕಾಳು ಅಥವಾ ಹೆಸರುಕಾಳಿನ ಪಲ್ಯ ಎರಡು ಸೌಟು, ಪುಂಡಿ ಪಲ್ಯ, ಹಸಿ ಮೆಂತ್ಯ ಸೊಪ್ಪು, ಉಳ್ಳಾಗಡ್ಡಿ, ಸೌತೆಕಾಯಿ. ಕೊನೆಗೆ ಒಂದು ಸಣ್ಣ ಬಟ್ಟಲು ಅನ್ನ, ಮಜ್ಜಿಗೆ. ಮೊಟ್ಟೆ ಹಳದಿ ಸಮೇತ ತಿನ್ನಿ. ಶೇಂಗಾ ಚಟ್ನಿ ಒಂದೇ ಚಮಚ, ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ ಇರುತ್ತದೆ. ಅಡುಗೆ ಎಣ್ಣೆಯೂ ಹಾಗೇ, ಒಂದು ದೊಡ್ಡ ಚಮಚಕ್ಕೆ 120 ಕ್ಯಾಲೊರಿ. ಮನೆಯಲ್ಲಿ ತಿಂಗಳಿಗೆ ಎಷ್ಟು ಪಾಕೆಟ್ ಖಾಲಿಯಾಗುತ್ತದೆ ಅಂತ ಒಮ್ಮೆ ವಿಚಾರಿಸಿ.

ಮಿರ್ಚಿಗೆ ಕೈ ಹೋಗುವುದು ಸಂಜೆ ಐದರ ಹಸಿವಿಗೆ. ಮೇಜಿನ ಡ್ರಾನಲ್ಲಿ ಹುರಿಗಡಲೆ ಡಬ್ಬಿ ಇಡಿ. ನಾಲ್ಕೂವರೆಗೆ ಒಂದು ಹಿಡಿ. ಮಿರ್ಚಿ ವಾರಕ್ಕೊಮ್ಮೆ, ಎರಡು, ಖುಷಿಯಿಂದ ತಿನ್ನಿ.

ವ್ಯಾಯಾಮಕ್ಕೆ ಎರಡು ಅಳತೆ ಇಟ್ಟುಕೊಳ್ಳಿ. ಬಿಡುವಿದ್ದ ದಿನ ಅರ್ಧ ತಾಸು ಬಿರುಸು ನಡಿಗೆ. ವಾರಕ್ಕೆ ಐದು ದಿನ ಆದರೆ 150 ನಿಮಿಷ, ವಿಶ್ವ ಆರೋಗ್ಯ ಸಂಸ್ಥೆ ಕೇಳುವ ಕನಿಷ್ಠ ಅಷ್ಟೇ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ದಾಟುತ್ತದೆ, ಆರು ಗಂಟೆಯೊಳಗೇ ಮುಗಿಸಿ. ವಾರಕ್ಕೆರಡು ದಿನ ಗರಡಿಮನೆಯ ಬಸ್ಕಿ, ದಂಡ ಹೊಡೆಯಿರಿ. ಬರೀ ಓಡಿ, ಕಡಿಮೆ ತಿಂದು ಇಳಿಸಿದಾಗ ಕೊಬ್ಬಿನ ಜತೆ ಮಾಂಸಖಂಡವೂ ಕರಗುತ್ತದೆ. ಭತ್ತದ ಲಾರಿಗಳು ಸಾಲುಗಟ್ಟಿದ ದಿನ ಇದೆಲ್ಲ ಆಗುವುದಿಲ್ಲ, ಗೊತ್ತು. ಅವತ್ತು ಮಿಲ್ ಅಂಗಳದಲ್ಲೇ ಹತ್ತು ನಿಮಿಷ ನಡೆದು, ಹದಿನೈದು ಬಸ್ಕಿ ಹೊಡೆದು ಮಲಗಿ. ಅದೂ ಲೆಕ್ಕಕ್ಕೆ ಸೇರುತ್ತದೆ.

2010ರಲ್ಲಿ ಲಂಡನ್ನಿನ ಒಂದು ವಿಶ್ವವಿದ್ಯಾಲಯದವರು 96 ಜನರ ಮೇಲೆ ನಡೆಸಿದ ಅಧ್ಯಯನ ನನಗೆ ತುಂಬ ಧೈರ್ಯ ಕೊಟ್ಟಿದೆ. ಹೊಸ ಅಭ್ಯಾಸ ಮೈಗೂಡಲು ಸುಮಾರು 66 ದಿನ ಹಿಡಿಯಿತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನ ಬೇಕು ಅನ್ನುವ ಅಂದಾಜು ಸಿಕ್ಕಿತು. ನಡುವೆ ಒಂದು ದಿನ ತಪ್ಪಿದವರಿಗೆ ಅದರಿಂದ ದೊಡ್ಡ ನಷ್ಟವೇನೂ ಆಗಲಿಲ್ಲ.

ತಕ್ಕಡಿ ವಾರಕ್ಕೊಮ್ಮೆ ಸಾಕು. ತಿಂಗಳಿಗೊಮ್ಮೆ ಹೊಕ್ಕುಳ ಮಟ್ಟಕ್ಕೆ ಟೇಪು ಸುತ್ತಿ ನೋಡಿ. ನಮ್ಮ ಗಂಡಸರಿಗೆ 90 ಸೆಂಟಿಮೀಟರ್ ಒಳಗಿರಬೇಕು. ಟೇಪಿಗಿಂತ ಮೊದಲು ನಿಮ್ಮ ಉಡಿದಾರವೇ ಹೇಳುತ್ತದೆ. ಅಂಜನಾದ್ರಿ ನಿಮಗೆ ಹತ್ತಿರ. ತಿಂಗಳಿಗೊಂದು ಸಲ ಆ 575 ಮೆಟ್ಟಿಲು ಹತ್ತಿ, ಎಲ್ಲೆಲ್ಲಿ ನಿಂತಿರಿ ಅಂತ ನೆನಪಿಟ್ಟುಕೊಳ್ಳಿ.

ತಂದೆಗೆ ಸಕ್ಕರೆ ಕಾಯಿಲೆ ಇದೆ ಅಂದಿರಿ. ಇದೇ ವಾರ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಪರೀಕ್ಷೆ ಮಾಡಿಸಿ, ವರದಿ ಬಂದ ಮೇಲೆ ನನಗೆ ಬರೆಯಿರಿ.