ಎಂಟು ದಿನ ಮಾಡ್ತೀನಿ, ಒಂಬತ್ತನೇ ದಿನ ಬಿಟ್ಬುಡ್ತೀನಿ

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಒಬ್ಬರ ಕಥೆ ಇದು. ಊರು, ವಯಸ್ಸು, ಮನೆಯ ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯುವುದಕ್ಕೆ ಅವರ ಒಪ್ಪಿಗೆ ಇದೆ. "ನನ್ನಂಗೆ ಒದ್ದಾಡೋರು ಇನ್ನೂ ಇರ್ತಾರೆ, ಬರೀರಿ ಮೇಡಂ" ಎಂದು ಅವರೇ ಹೇಳಿದರು.

ಮಂಡ್ಯ ಸೀಮೆಯ ಒಂದು ಹಳ್ಳಿಯಲ್ಲಿ ಆಲೆಮನೆ ನಡೆಸುವವರು ಇವರು. ನಲವತ್ತರ ಆಸುಪಾಸು. ಅಪ್ಪನಿಂದ ಬಂದ ಕಸುಬು. ಮನೆಯಲ್ಲಿ ತಾಯಿ, ಹೆಂಡತಿ, ಹತ್ತನೇ ಕ್ಲಾಸಿನ ಮಗ. ಮೈಸೂರಿಗೆ ನನ್ನ ಹತ್ತಿರ ಬಂದದ್ದು ಹೆಂಡತಿಯ ಒತ್ತಾಯಕ್ಕೆ. ಹತ್ತಿರದಲ್ಲೇ ಎಲ್ಲಾದರೂ ತೋರಿಸಿಕೊಂಡರೆ ಗುರುತಿನವರು ಸಿಗುತ್ತಾರೆ ಎಂಬ ಅಂಜಿಕೆ.

ಹೆಂಡತಿಯ ದೂರು ಕೋಪದ ಬಗ್ಗೆ. ಸಂಜೆ ಮನೆಗೆ ಬಂದವರೇ ಯಾವುದಾದರೂ ನೆಪ ಹಿಡಿದು ಕೂಗಾಡುತ್ತಾರೆ, ಅಪ್ಪನ ಗಾಡಿ ಸದ್ದು ಕೇಳಿದರೆ ಸಾಕು, ಮಗ ರೂಮಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾನೆ ಎಂದರು. ಯಜಮಾನರ ದೂರು ಮಾತ್ರ ಬೇರೆ ಇತ್ತು. "ನಂಗೆ ಛಲ ಇಲ್ಲ ಮೇಡಂ. ಏನೇ ಹಿಡಿದ್ರೂ ಎಂಟು ದಿನ ಮಾಡ್ತೀನಿ, ಒಂಬತ್ತನೇ ದಿನ ಬಿಟ್ಬುಡ್ತೀನಿ." ಯುಗಾದಿಗೆ ಶುರು ಮಾಡಿದ್ದನ್ನು ಹೇಳಿದರು. ಬೆಳಗಿನ ಜಾವ ಏಳುವುದು, ತಣ್ಣೀರು ಸ್ನಾನ, ನಾಲೆ ಏರಿ ಮೇಲೆ ಒಂದು ಗಂಟೆ ವಾಕಿಂಗ್, ಧ್ಯಾನ, ಡೈರಿ ಬರೆಯೋದು, ಕೋಪ ಬಿಡೋದು, ಫೋನ್ ಬಿಡೋದು. ಎಲ್ಲವೂ ಒಂದೇ ದಿನದಿಂದ! ಒಂದು ರಾತ್ರಿ ಗಾಣ ಕೆಟ್ಟು ನಿದ್ದೆಗೆಟ್ಟರು. ಮಾರನೇ ದಿನ ಏಳಲಾಗಲಿಲ್ಲ. ಅಲ್ಲಿಗೆ ಎಲ್ಲವೂ ನಿಂತಿತು.

ಮೊದಲ ಭೇಟಿಯಲ್ಲಿ ನಿದ್ದೆ, ಊಟ, ಕುಡಿತ, ಸಾಯುವ ಯೋಚನೆ, ಮನೆಯಲ್ಲಿ ಕೈ ಮಾಡುವುದು ಎಲ್ಲ ವಿಚಾರಿಸಿದೆ. ಹೆಂಡತಿಯನ್ನು ಬೇರೆಯಾಗಿ ಕೂರಿಸಿಯೂ ಕೇಳಿದೆ. ಗಾಬರಿಪಡುವಂಥದ್ದು ಇರಲಿಲ್ಲ. ಶುಗರ್, ಬಿಪಿ, ಥೈರಾಯ್ಡ್ ಒಮ್ಮೆ ಪರೀಕ್ಷೆ ಮಾಡಿಸಿ ಎಂದು ಕಳಿಸಿದೆ. ರಿಪೋರ್ಟ್ ಸರಿಯಾಗಿಯೇ ಬಂತು.

ಇಂಥವರಿಗೆ ಹೊಸ ಟೈಮ್‌ಟೇಬಲ್ ಬರೆದುಕೊಡುವುದು ಸುಲಭ. ಅವರೂ ಅದನ್ನೇ ಕೇಳುತ್ತಾರೆ. ನಾನು ಕೊಡಲಿಲ್ಲ. "ಎರಡು ವಾರ ಏನೂ ಬದಲಾಯಿಸಬೇಡಿ ಯಜಮಾನ್ರೇ. ಸುಮ್ನೆ ನೋಡಿ, ಬರೆದಿಡಿ" ಎಂದೆ. ಅವರಿಗೆ ನಿರಾಸೆ ಆಯಿತು. ಅಷ್ಟು ದೂರದಿಂದ ಬಂದಿದ್ದು ಇಷ್ಟಕ್ಕೇನಾ ಅಂತ ಮುಖದಲ್ಲೇ ಕಾಣುತ್ತಿತ್ತು.

ಡೈರಿ ಬೇಡ ಎಂದೆ. ಆಲೆಮನೆಯಲ್ಲಿ ದಿನಾ ಲೆಕ್ಕದ ಪುಸ್ತಕ ಬರೆಯುತ್ತಾರೆ. ಎಷ್ಟು ಟನ್ ಕಬ್ಬು ಬಂತು, ಎಷ್ಟು ಬೆಲ್ಲ ಇಳಿಯಿತು, ಯಾರಿಗೆ ಎಷ್ಟು ಕೂಲಿ. ಅದೇ ಪುಸ್ತಕದ ಹಿಂದಿನ ಹಾಳೆಯಲ್ಲಿ ಕೋಪ ಬಂದಾಗಲೆಲ್ಲ ಒಂದು ಸಾಲು ಬರೆಯಬೇಕು. ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯಿತು, ಮೈಯಲ್ಲಿ ಏನಾಯಿತು, ಏನು ಮಾಡಿದೆ. "ನಾನ್ಯಾಕೆ ಹಿಂಗೆ" ಎಂದು ಬರೆಯುವಂತಿಲ್ಲ. ಇದನ್ನು ಒತ್ತಿ ಹೇಳಿದೆ. ರಾತ್ರಿ ಮಲಗಿ "ನಾನ್ಯಾಕೆ ಹಿಂಗೆ" ಅಂತ ಕೊರಗಿದರೆ ತನ್ನನ್ನು ತಾನು ಅರಿತ ಹಾಗೆ ಅನಿಸುತ್ತದೆ. ಕೈಗೆ ಸಿಗುವುದು ಬೈಗುಳ ಮಾತ್ರ. ಏನಾಯಿತು, ಯಾವಾಗ ಆಯಿತು ಎಂದು ಕೇಳಿಕೊಂಡರೆ ಹಿಡಿಯುವುದಕ್ಕೆ ಒಂದು ತುದಿಯಾದರೂ ಸಿಗುತ್ತದೆ.

ಮುಂದಿನ ಸಲ ಪುಸ್ತಕವನ್ನೇ ತಂದರು. ಒಂದು ಸಾಲು ಹೀಗಿತ್ತು: "ಸಂಜೆ 6.40. ಮಂಡಿಯಿಂದ ಫೋನ್. ಕ್ವಿಂಟಾಲಿಗೆ ನೂರು ಕಮ್ಮಿ. ಮಧ್ಯಾಹ್ನ ಊಟ ಇಲ್ಲ. ಕಿವಿ ಬಿಸಿ. ಹುಡುಗ ಚಪ್ಪಲಿ ಅಡ್ಡ ಬಿಟ್ಟಿದ್ದ. ಕೂಗಿದೆ." ಇಂಥವೇ ಹಲವು ಸಾಲು. ನಾನು ಏನೂ ಹೇಳದೆ ಗಟ್ಟಿಯಾಗಿ ಓದಿ ಎಂದೆ. ಅರ್ಧಕ್ಕೇ ನಿಲ್ಲಿಸಿದರು. "ರೇಟ್ ಬಿದ್ದ ದಿನಾನೇ ಮಗನ ಮೇಲೆ ಬಿದ್ದಿದ್ದೀನಲ್ಲ ಮೇಡಂ." ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮಾತು ಬಂತು. "ನಮ್ಮಪ್ಪನೂ ಹಿಂಗೇ. ಲೆಕ್ಕ ತಪ್ಪಿದ್ರೆ ಕೂಲಿಯೋರ ಮುಂದೇನೇ ಬಯ್ಯೋರು."

ಮೊದಲ ದಿನ "ಕೋಪ ದಿಢೀರನೆ ಬತ್ತದೆ, ಗೊತ್ತೇ ಆಗಲ್ಲ" ಎಂದವರು ಇವರೇ. ಗೊತ್ತಾಗುವ ಗುರುತು ಮೂರು ಇದ್ದವು: ಖಾಲಿ ಹೊಟ್ಟೆ, ಮಂಡಿಯ ಫೋನ್, ಬಿಸಿಯಾಗುವ ಕಿವಿ. ಆಗ ಅವರ ಕೆಲಸದ ಬಗ್ಗೆಯೇ ಕೇಳಿದೆ. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಉಕ್ಕಿದರೆ ಏನು ಮಾಡುತ್ತೀರಿ? "ಉಕ್ಕೋ ತನಕ ಯಾರು ಬಿಡ್ತಾರೆ? ನೊರೆ ಏಳೋದು ಕಂಡ ತಕ್ಷಣ ಒಂಚೂರು ಹರಳೆಣ್ಣೆ ಬಿಡ್ತೀವಿ, ಇಳೀತದೆ" ಎಂದರು. ಹೇಳಿ ಮುಗಿಸುವಷ್ಟರಲ್ಲಿ ನಕ್ಕರು. ಕಿವಿ ಬಿಸಿಯಾಗುವುದು ಆ ನೊರೆ ಏಳುವ ಹೊತ್ತು ಎಂದು ನಾನು ವಿವರಿಸುವ ಅಗತ್ಯ ಬರಲಿಲ್ಲ.

ಆಮೇಲೆ ಅಭ್ಯಾಸದ ಮಾತಿಗೆ ಬಂದೆವು. ಇಪ್ಪತ್ತೊಂದು ದಿನ ಮಾಡಿದರೆ ಯಾವುದೇ ಅಭ್ಯಾಸ ಕೂರುತ್ತದೆ ಎಂದು ಫೋನಿನ ವಿಡಿಯೋದಲ್ಲಿ ಕೇಳಿದ್ದರಂತೆ. ತನಗೆ ಹತ್ತೂ ದಾಟದ್ದಕ್ಕೆ ತಾನು ಕೆಲಸಕ್ಕೆ ಬಾರದವನು ಅಂತ ತೀರ್ಮಾನಿಸಿಬಿಟ್ಟಿದ್ದರು. ಈ 21 ದಿನದ ಮಾತಿನ ಮೂಲ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್. ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ಒಗ್ಗುವುದಕ್ಕೆ ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು 1960ರಲ್ಲಿ ಬರೆದಿದ್ದರು. ಬಾಯಿಂದ ಬಾಯಿಗೆ ಬರುತ್ತಾ "ಕಡಿಮೆಯೆಂದರೂ" ಎನ್ನುವುದು ಬಿಟ್ಟುಹೋಯಿತು. ನಿಜವಾಗಿ ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನರನ್ನು 12 ವಾರ ಗಮನಿಸಿದರು. ಅಭ್ಯಾಸ ತಾನಾಗಿಯೇ ಆಗುವ ಮಟ್ಟಕ್ಕೆ ಬರಲು ಸುಮಾರು 66 ದಿನ ಹಿಡಿಯುತ್ತದೆ ಎಂದು ಕಂಡಿತು. ಆ 12 ವಾರದ ಗತಿ ನೋಡಿ ಅವರು ಹಾಕಿದ ಅಂದಾಜಿನಲ್ಲಿ ಒಬ್ಬರಿಗೆ 18 ದಿನವಾದರೆ ಇನ್ನೊಬ್ಬರಿಗೆ 254 ದಿನ. ನೀರು ಕುಡಿಯುವಂಥದ್ದು ಬೇಗ ಕೂರುತ್ತದೆ, ವ್ಯಾಯಾಮ ತಡ. ಯಜಮಾನರಿಗೆ ನಾನು ಎರಡು ಸಲ ಹೇಳಿದ ಸಂಗತಿ ಬೇರೆ: ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಕೂರುವುದಕ್ಕೆ ಅಂಥ ಅಡ್ಡಿ ಏನೂ ಆಗಲಿಲ್ಲ. "ಹಂಗಾದ್ರೆ ಗಾಣ ಕೆಟ್ಟ ದಿನಕ್ಕೆ ನಾನು ಎಲ್ಲಾ ಬಿಡಬೇಕಾಗಿರಲಿಲ್ಲ, ಅಲ್ವಾ?" ಎಂದರು. ಹೌದು, ಬಿಡಬೇಕಾಗಿರಲಿಲ್ಲ.

ಯುಗಾದಿಯ ಏಳು ಸಂಕಲ್ಪದಲ್ಲಿ ಆರನ್ನು ಪಕ್ಕಕ್ಕಿಟ್ಟೆವು. ಉಳಿದದ್ದು ಕೋಪದ್ದು. ಅದಕ್ಕೆ ಸಂಜೆಯ ಹತ್ತು ನಿಮಿಷ. ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಜಗಲಿ ಮೇಲೆ ಕೂರಬೇಕು. ಮಜ್ಜಿಗೆಯೋ ನೀರೋ ಕುಡಿದು, ಏನಾದರೂ ತಿನ್ನಬೇಕು. ಅಷ್ಟು ಹೊತ್ತು ಲೆಕ್ಕ, ರೇಟು, ಮಾರ್ಕ್ಸ್ ಯಾವ ಮಾತೂ ಬೇಡ. ಮಂಡಿಯ ಫೋನಿಗೆ ಬೇರೆಯದೇ ಕಟ್ಟು: ರೇಟಿನ ಫೋನ್ ಬಂದರೆ, ಇಟ್ಟ ತಕ್ಷಣ ತೊಟ್ಟಿ ಹತ್ತಿರ ಹೋಗಿ ಮುಖ ತೊಳೆಯುತ್ತೇನೆ. "ಹೀಗಾದರೆ ಹೀಗೆ ಮಾಡುತ್ತೇನೆ" ಎಂದು ಮೊದಲೇ ಗೊತ್ತು ಮಾಡಿಟ್ಟುಕೊಂಡರೆ ಮಾಡುವ ಸಾಧ್ಯತೆ ಹೆಚ್ಚು. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ ಮೊದಲಾದವರು ಇದನ್ನು ಹಲವು ಸಲ ಪರೀಕ್ಷಿಸಿ ತೋರಿಸಿದ್ದಾರೆ. "ಕೋಪ ಮಾಡಿಕೊಳ್ಳಲ್ಲ" ಎನ್ನುವ ಶಪಥಕ್ಕೆ ಕೈಯೂ ಇಲ್ಲ ಕಾಲೂ ಇಲ್ಲ. ಮುಖ ತೊಳೆಯುವುದನ್ನು ಯಾರು ಬೇಕಾದರೂ ಮಾಡಬಹುದು.

ತಪ್ಪಿದ ದಿನ ಪುಸ್ತಕದಲ್ಲಿ "ತಪ್ಪಿತು" ಎಂದು ಬರೆದು ಕಾರಣ ಬರೆಯಬೇಕು. ಅಷ್ಟೇ. ಮಾರನೇ ಸಂಜೆ ಮತ್ತೆ ಜಗಲಿ.

ಒಂದು ಭೇಟಿಗೆ ಹೆಂಡತಿಯನ್ನೂ ಕರೆದೆ. ಅವರು ಆಗಲೇ ಮಜ್ಜಿಗೆ ಮಾಡಿಡುವ ಹೊಣೆ ಹೊತ್ತುಕೊಂಡಿದ್ದರು, "ಇವತ್ತು ಕೂತ್ರಾ?" ಎಂದು ದಿನಾ ಕೇಳುತ್ತಿದ್ದರು ಕೂಡ. ಎರಡೂ ಬೇಡ ಎಂದೆ. ಗಂಡ ತಿದ್ದಿಕೊಳ್ಳುವ ಕೆಲಸ ಕೊನೆಗೆ ಹೆಂಡತಿಯ ತಲೆಗೆ ಬರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. ಇದರ ಬಗ್ಗೆ ನನ್ನದು ಕಡ್ಡಾಯದ ಮಾತು: ಚೊಂಬು ಅವರೇ ತುಂಬಿಸಿಕೊಳ್ಳಬೇಕು, ಲೆಕ್ಕ ಅವರೇ ಬರೆಯಬೇಕು. ಮಗನ ಹತ್ತಿರ ಉದ್ದುದ್ದ ಮಾತು ಬೇಡ ಎಂದೂ ಹೇಳಿದೆ. "ಮೊನ್ನೆ ಕೂಗಿದ್ದು ನನ್ನ ತಪ್ಪು, ನಿಂದಲ್ಲ" ಎಂದರೆ ಸಾಕು. ಅವನು ತಿರುಗಿ ಮಾತಾಡಲಿ ಅಂತ ಕಾಯಬಾರದು.

ಕೆಲವು ವಾರ ಚೆನ್ನಾಗಿ ನಡೆಯಿತು. ಆಮೇಲೆ ಪೂರ್ತಿ ನಿಂತಿತು. "ಮತ್ತೆ ಹಳೇ ಕಥೆ" ಎಂದು ತಲೆ ತಗ್ಗಿಸಿ ಕೂತರು. ಪುಸ್ತಕ ತೆಗೆಸಿ ನೋಡಿದರೆ ಕಾರಣ ಅಲ್ಲೇ ಇತ್ತು. ಒಲೆ ರಿಪೇರಿಗೆ ಆಲೆಮನೆ ನಿಲ್ಲಿಸಿದ್ದರು. ಇಡೀ ದಿನ ಮನೆಯಲ್ಲೇ ಇದ್ದರು. ಸಂಜೆ ಆಲೆಮನೆಯಿಂದ ಬರುವುದೇ ಇಲ್ಲವೆಂದ ಮೇಲೆ ಕೈಕಾಲು ತೊಳೆಯುವ ಹೊತ್ತೂ ಇಲ್ಲ, ಜಗಲಿಯೂ ಇಲ್ಲ. ಅಭ್ಯಾಸವನ್ನು ಯಾವುದಕ್ಕೆ ಕಟ್ಟಿದ್ದೆವೋ ಅದೇ ಹೋಗಿತ್ತು. ಇದರಲ್ಲಿ ಛಲದ ಮಾತೇ ಇಲ್ಲ. ಕೆಲಸ ಬದಲಾದಾಗ, ಮನೆ ಬದಲಾದಾಗ, ಹಬ್ಬದ ರಜೆಯಲ್ಲಿ ಎಲ್ಲರಿಗೂ ಹೀಗೇ ಆಗುತ್ತದೆ.

ನಿಮ್ಮ ಮನೆಯಲ್ಲಿ ಮಳೆ ಬರಲಿ, ಹಬ್ಬ ಇರಲಿ, ತಪ್ಪದೇ ನಡೆಯುವ ಕೆಲಸ ಯಾವುದು ಎಂದು ಕೇಳಿದೆ. ಯೋಚನೆಯೇ ಮಾಡದೆ "ಡೈರಿಗೆ ಹಾಲು ಹಾಕೋದು" ಎಂದರು. ಎರಡು ಹಸು ಇವೆ. ಸಂಜೆ ಹಾಲಿನ ಕ್ಯಾನ್ ಒಯ್ಯುವುದು ಅವರೇ. ಅಂದಿನಿಂದ ಹತ್ತು ನಿಮಿಷ ಡೈರಿಗೆ ಅಂಟಿಕೊಂಡಿತು: ಹಾಲು ಹಾಕಿ ಬಂದು ಖಾಲಿ ಕ್ಯಾನ್ ಇಟ್ಟ ಮೇಲೆ ಜಗಲಿ. ಆಲೆಮನೆ ಮತ್ತೆ ಶುರುವಾದರೂ ಅದನ್ನೇ ಉಳಿಸಿಕೊಂಡಿದ್ದಾರೆ.

ಇದನ್ನು ಓದಿ ತಮ್ಮ ಮನೆಯಲ್ಲೂ ಮಾಡಿ ನೋಡುವವರು ಇರಬಹುದು. ಮಾಡಿ. ಆದರೆ ಕೋಪದಲ್ಲಿ ಕೈ ಎತ್ತುತ್ತಿದ್ದರೆ, ಕುಡಿತ ಹಿಡಿತ ಮೀರಿದ್ದರೆ, ಎರಡು ವಾರದಿಂದ ನಿದ್ದೆಯಿಲ್ಲದೆ ಯಾವುದೂ ಬೇಡ ಎನಿಸುತ್ತಿದ್ದರೆ, ಲೆಕ್ಕದ ಪುಸ್ತಕ ಸಾಲದು. ಮನೋವೈದ್ಯರನ್ನು ನೋಡಬೇಕು. ಸಾಯುವ ಯೋಚನೆ ಬಂದರಂತೂ ಒಂದು ದಿನವೂ ಕಾಯಬಾರದು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. 2022ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಉಚಿತ ಸೇವೆ ಇದು, ಕನ್ನಡದಲ್ಲೇ ಮಾತಾಡುತ್ತಾರೆ.

ಯಜಮಾನರ ಕೂಗಾಟ ಈಗ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ರೇಟ್ ಜಾಸ್ತಿ ಬಿದ್ದ ದಿನ ಮುಖ ತೊಳೆದರೂ ಕೋಪ ಇಳಿಯುವುದಿಲ್ಲ ಎಂದು ಬರೆದಿದ್ದಾರೆ. ಅಂಥ ದಿನ ಹಸುವಿಗೆ ಮೇವು ಹಾಕುವ ನೆಪದಲ್ಲಿ ಕೊಟ್ಟಿಗೆಗೆ ಹೋಗುತ್ತಾರಂತೆ. ಅದು ಅವರೇ ಕಂಡುಕೊಂಡ ದಾರಿ. ಮಗ ಗಣಿತದ ಪುಸ್ತಕ ಹಿಡಿದು ಒಮ್ಮೊಮ್ಮೆ ನಡುಮನೆಯಲ್ಲೇ ಕೂರುತ್ತಾನೆ, ಮಾತು ಇನ್ನೂ ಕಡಿಮೆಯೇ. ಅದಕ್ಕೆ ತಿಂಗಳುಗಟ್ಟಲೆ ಬೇಕು ಎಂದು ಹೇಳಿದ್ದೇನೆ. ರಾತ್ರಿ ಫೋನ್ ನೋಡುವುದು ಹಾಗೇ ಇದೆ. ಮುಂದಿನ ಭೇಟಿಗೆ ಅದನ್ನು ಎತ್ತಿಕೊಳ್ಳುತ್ತೇವೆ. ಅದಕ್ಕೂ ಮೊದಲ ಎರಡು ವಾರ ಬರೆಯುವ ಕೆಲಸ ಮಾತ್ರ.