ಟೆಕ್ಸಸ್‌ನಲ್ಲಿ ಪ್ರಾಪರ್ಟಿ ಟ್ಯಾಕ್ಸ್ ರೇಟ್ ಜಾಸ್ತಿ ಇರೋ ಕಡೆ ಮನೆ ತಗೊಂಡ್ರೆ ಶಾಲೆಗೆ ಜಾಸ್ತಿ ದುಡ್ಡು ಹೋಗತ್ತಾ?

ಡಾಲಸ್ ಪಕ್ಕ ಎರಡು ಹೊಸ ಮನೆ, ಒಂದರ ಟ್ಯಾಕ್ಸ್ ರೇಟ್ ಶೇಕಡ 1.9, ಇನ್ನೊಂದರದ್ದು 2.4, ಮಗೂಗೆ ಇನ್ನೂ ಎರಡು ವರ್ಷ, ಜಾಸ್ತಿ ಕಟ್ಟಿದ್ರೆ ಒಳ್ಳೆ ಶಾಲೆ ಅಲ್ವಾ ಅಂತ ಕೇಳಿದೀರ. ಅಯ್ಯೋ, 2017ರಲ್ಲಿ ನಾನೇ ಬರೆದ ಹಾಗಿದೆ. ಹೆಂಡತಿಗೆ ಓದಿ ಹೇಳ್ದೆ, ನಕ್ಕಳು. ಆಗ ನಕ್ಕಿರಲಿಲ್ಲ.

ಆ ವರ್ಷ ಜೂನ್‌ನಲ್ಲಿ ಡಾಲಸ್‌ನಿಂದ ಉತ್ತರಕ್ಕೆ ಹೊಸ ಲೇಔಟಲ್ಲಿ ಮನೆ ತಗೊಂಡ್ವಿ, 3.9 ಲಕ್ಷ ಡಾಲರ್. ಸ್ಕೂಲ್ ರೇಟಿಂಗ್ ನೋಡಿದ್ದಷ್ಟೇ. ಟ್ಯಾಕ್ಸ್ ಎಷ್ಟು ಅಂತ ಲೋನ್ ಪೇಪರಲ್ಲಿ ನೋಡಿದ್ರೆ ವರ್ಷಕ್ಕೆ 1,900, ಅಂದ್ರೆ ತಿಂಗಳಿಗೆ 160 ಡಾಲರ್. ಆಫೀಸಲ್ಲಿ ಎಲ್ಲರೂ ಎಂಟು ಸಾವಿರ, ಒಂಬತ್ತು ಸಾವಿರ ಅಂತ ಗೋಳಾಡೋರು, ನಾನು ಒಳಗೊಳಗೇ ಬೀಗ್ತಿದ್ದೆ, ಇವರಿಗೆಲ್ಲ ಮನೆ ಹುಡುಕೋಕೆ ಬರಲ್ಲ ಅಂತ.

ತಪ್ಪು ಎಲ್ಲಿ ಅಂದ್ರೆ, ಸ್ವಲ್ಪ ಬಿಡಿಸಿ ಹೇಳ್ತೀನಿ ಬೇಜಾರಾಗ್ಬೇಡಿ, ಯಾಕಂದ್ರೆ ನೀವೂ ಹೊಸ ಮನೇನೇ ನೋಡ್ತಿರೋದು. ಟೆಕ್ಸಸ್‌ನಲ್ಲಿ ಆಸ್ತಿ ಬೆಲೆ ಕಟ್ಟೋದು ಜನವರಿ 1ನೇ ತಾರೀಖು ಅಲ್ಲಿ ಏನಿತ್ತು ಅನ್ನೋದರ ಮೇಲೆ. 2017 ಜನವರಿ 1ಕ್ಕೆ ನನ್ನ ಸೈಟಲ್ಲಿ ಏನಿತ್ತು? ಮಣ್ಣು. ಅದರ ಬೆಲೆ 85,000. ಆ 1,900 ಬರೀ ಮಣ್ಣಿಗೆ ಹಾಕಿದ ಟ್ಯಾಕ್ಸ್, ಮನೆ ಅದರಲ್ಲಿ ಇಲ್ವೇ ಇಲ್ಲ. ಮನೆ ಎದ್ದಿದ್ದು ಮೇ ತಿಂಗಳಲ್ಲಿ. 2018 ಜನವರಿ 1ಕ್ಕೆ ಮನೆ ನಿಂತಿದೆ, ಸರಿ, ಆ ವರ್ಷದಿಂದ ಪೂರ್ತಿ ಬೆಲೆಗೆ ಟ್ಯಾಕ್ಸ್. ಏಪ್ರಿಲ್‌ನಲ್ಲಿ ಅಪ್ರೈಸಲ್ ನೋಟಿಸ್ ಬಂತು, 85,000 ಇದ್ದಿದ್ದು 3.9 ಲಕ್ಷ ಆಗಿದೆ. ನಾನು ಏನ್ ಮಾಡ್ದೆ ಗೊತ್ತಾ? ಫೋಟೋ ತೆಗೆದು ಫ್ಯಾಮಿಲಿ ವಾಟ್ಸಾಪ್ ಗ್ರೂಪಿಗೆ ಹಾಕ್ದೆ, "ನೋಡ್ರಪ್ಪಾ ಆಸ್ತಿ ಬೆಲೆ" ಅಂತ. ಮಾವ ಹಾರದ ಇಮೋಜಿ ಕಳಿಸಿದ್ರು. ಆ ಕಾಗದ ಕೈಯಲ್ಲಿ ಹಿಡ್ಕೊಂಡು ಕೂಡ ತಿಂಗಳ ಕಂತು ಏನಾಗತ್ತೆ ಅಂತ ಹೊಳೀಲಿಲ್ಲ ನೋಡಿ.

ಆಮೇಲೆ ಯಾರೂ ಏನೂ ಹೇಳಲ್ಲ. ಬ್ಯಾಂಕಿನವರು ತಿಂಗಳಿಗೆ 160ರ ಲೆಕ್ಕದಲ್ಲೇ ಎಸ್ಕ್ರೋಗೆ, ಅಂದ್ರೆ ಟ್ಯಾಕ್ಸ್ ಕಟ್ಟೋಕೆ ಅವರು ಕಂತಿನ ಜೊತೆ ಕೂಡಿಡೋ ಖಾತೆಗೆ, ತಗೋತಾ ಹೋದ್ರು, ಡಿಸೆಂಬರಲ್ಲಿ 8,400 ಡಾಲರ್ ಬಿಲ್ ಬಂದಾಗ ತಮ್ಮ ಕೈಯಿಂದ ತುಂಬಿ ಕಟ್ಟಿದ್ರು, 2019 ಫೆಬ್ರವರಿಯಲ್ಲಿ ನನಗೊಂದು ಪತ್ರ. ಇನ್ಮೇಲೆ ಟ್ಯಾಕ್ಸಿಗೆ ತಿಂಗಳಿಗೆ 700, ಜೊತೆಗೆ ಹಳೇ ಕೊರತೆ 6,500ನ ಹನ್ನೆರಡು ಕಂತಲ್ಲಿ ಇನ್ನೊಂದು 540. ಒಂದೇ ಏಟಿಗೆ ಕಂತು 1,080 ಡಾಲರ್ ಜಾಸ್ತಿ. ಅದರ ಹಿಂದಿನ ತಿಂಗಳಷ್ಟೇ ಸಾಲದಲ್ಲಿ ಕಾರ್ ತಗೊಂಡಿದ್ವಿ.

ಅಪ್ಪ ಆಗ ಹಾಸನದಿಂದ ಬಂದು ನಮ್ಮ ಜೊತೆ ಇದ್ರು, ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಬಿಲ್ ಹಿಡ್ಕೊಂಡು ಸಾಲು ಸಾಲೂ ಓದಿ, ಇದರಲ್ಲಿ 5,700 ಬರೀ ಸ್ಕೂಲಿಗೇ ಹೋಗತ್ತೆ ಅಂತ ಗೊತ್ತಾದಾಗ, "ಅಲ್ವೋ, ಸರ್ಕಾರಿ ಸ್ಕೂಲಿಗೆ ಇಷ್ಟು ಕಂದಾಯನಾ? ನನ್ ಸಂಬಳಕ್ಕೆ ಯಾರ ಮನೆ ಕಂದಾಯನೂ ಕೇಳ್ಲಿಲ್ಲ" ಅಂದ್ರು. ಇಷ್ಟು ಕೊಟ್ರೆ ನಿನ್ ಮಗಳ ಕ್ಲಾಸಿಗೆ ಏನು ಬರತ್ತೆ ಅಂತಾನೂ ಕೇಳಿದ್ರು. ನನಗೆ ಗೊತ್ತಿರಲಿಲ್ಲ. ಅವಮಾನ ಆಗಿ ಓದೋಕೆ ಕೂತೆ.

ಈಗ ನಿಮ್ಮ ಪ್ರಶ್ನೆ. ರೇಟ್ ಜಾಸ್ತಿ ಅಂದ್ರೆ ಶಾಲೆ ಶ್ರೀಮಂತ ಅನ್ನೋದು ಈ ರಾಜ್ಯದಲ್ಲಿ ಸುಳ್ಳು. ಸ್ಕೂಲ್ ಟ್ಯಾಕ್ಸಲ್ಲಿ ಎರಡು ಜೇಬು. ಎಂ ಅಂಡ್ ಓ ಅನ್ನೋದು ಟೀಚರ್ ಸಂಬಳ, ಬಸ್ಸು, ಕರೆಂಟಿಗೆ. ಐ ಅಂಡ್ ಎಸ್ ಅನ್ನೋದು ಕಟ್ಟಡ ಕಟ್ಟೋಕೆ ತಗೊಂಡ ಬಾಂಡ್ ಸಾಲ ತೀರಿಸೋಕೆ, ಅದರಿಂದ ಟೀಚರಿಗೆ ಒಂದು ಪೈಸೆ ಸಂಬಳ ಕೊಡಂಗಿಲ್ಲ. ಆಲನ್ ಊರಲ್ಲಿ 60 ಮಿಲಿಯನ್ ಡಾಲರಿನ ಹೈಸ್ಕೂಲ್ ಫುಟ್‌ಬಾಲ್ ಸ್ಟೇಡಿಯಂ 2012ರಲ್ಲಿ ಶುರುವಾಯ್ತಲ್ಲ, ಅದು ಬಾಂಡ್ ದುಡ್ಡು. ಹೊಸ ಲೇಔಟ್‌ಗಳು ಏಳೋ ಕಡೆ ದಿನಾ ಹೊಸ ಶಾಲೆ ಕಟ್ಟಬೇಕು, ಸಾಲ ಜಾಸ್ತಿ, ರೇಟೂ ಜಾಸ್ತಿ. ನಿಮ್ಮ 2.4ರಲ್ಲಿ ಮಡ್ (ಮುನಿಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್) ಟ್ಯಾಕ್ಸ್ ಇದ್ರೂ ಆಶ್ಚರ್ಯ ಇಲ್ಲ, ಅದು ನೀರಿನ ಪೈಪು ಚರಂಡಿ ಹಾಕಿದ ಸಾಲ, ಶಾಲೆಗೂ ಅದಕ್ಕೂ ಸಂಬಂಧಾನೇ ಇಲ್ಲ.

ಎಂ ಅಂಡ್ ಓ ರೇಟನ್ನ ರಾಜ್ಯ ಸರ್ಕಾರ ಕಟ್ಟಿಹಾಕಿದೆ, ಮಿತಿ ದಾಟಬೇಕಂದ್ರೆ ಊರಿನವರ ವೋಟ್ ಬೇಕು. ಒಂದು ಸ್ಕೂಲ್ ಡಿಸ್ಟ್ರಿಕ್ಟಿಗೆ, ಅಂದ್ರೆ ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನೆಲ್ಲ ನಡೆಸೋ ಸಂಸ್ಥೆಗೆ, ಎಷ್ಟು ಸಿಗಬೇಕು ಅನ್ನೋದು ಮಕ್ಕಳ ತಲೆ ಎಣಿಸಿ ಒಂದು ಸೂತ್ರದ ಮೇಲೆ ತೀರ್ಮಾನ ಆಗತ್ತೆ, ಒಂದು ಮಗುಗೆ ಮೂಲ ಮೊತ್ತ 2019ರಿಂದ 6,160 ಇತ್ತು, 2025ರಲ್ಲಿ 55 ಡಾಲರ್ ಏರಿಸಿದ್ರು, ಬಡ ಮಕ್ಕಳು, ಸ್ಪೆಷಲ್ ಎಜುಕೇಶನ್ ಮಕ್ಕಳಿಗೆ ಮೇಲೆ ಇನ್ನಷ್ಟು. ಆ ಮೊತ್ತಕ್ಕೆ ಮೊದಲು ನಮ್ಮ ಟ್ಯಾಕ್ಸ್ ಹಾಕ್ತಾರೆ, ಸಾಲದಿದ್ರೆ ಆಸ್ಟಿನ್‌ನಿಂದ ರಾಜ್ಯ ಸರ್ಕಾರ ತುಂಬತ್ತೆ. ಹಾಗಾಗಿ ನಮ್ಮ ಮನೆ ಬೆಲೆ ಏರಿದ್ರೆ ಹೆಚ್ಚಾಗಿ ಆಗೋದು ಸರ್ಕಾರದ ಪಾಲು ಇಳಿಯೋದು, ಶಾಲೆಗೆ ಏರೋದಲ್ಲ. ಮಿಕ್ಕಿದ್ರೆ ಬೇರೆ ಡಿಸ್ಟ್ರಿಕ್ಟುಗಳಿಗೆ ಅಂತ ರಾಜ್ಯ ಸರ್ಕಾರದವರು ಕಿತ್ಕೋತಾರೆ, ಅದಕ್ಕೆ ರೀಕ್ಯಾಪ್ಚರ್ ಅಂತ ಹೆಸರು, ಜನ ರಾಬಿನ್ ಹುಡ್ ಅಂತಾರೆ. ಸ್ಯಾನ್ ಆಂಟೋನಿಯೋದ ಎಡ್ಜ್‌ವುಡ್ ಅನ್ನೋ ಬಡ ಡಿಸ್ಟ್ರಿಕ್ಟಿನ ಅಪ್ಪ ಅಮ್ಮಂದಿರು ನಮ್ಮ ಶಾಲೆಗೆ ದುಡ್ಡು ಕಮ್ಮಿ ಅಂತ ಕೋರ್ಟಿಗೆ ಹೋಗಿ, 1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಲ್ಲಿ 5-4ರಲ್ಲಿ ಸೋತು, 1989ರಲ್ಲಿ ಟೆಕ್ಸಸ್ ಕೋರ್ಟಲ್ಲಿ ಎಡ್ಜ್‌ವುಡ್ ಗೆದ್ದು, 1993ರಲ್ಲಿ ಬಂದ ಕಾನೂನು ಅದು. ನನಗೆ ಅದು ನ್ಯಾಯ ಅನ್ಸತ್ತೆ, ನಮ್ಮ ಆಫೀಸಲ್ಲಿ ಹಾಗಂದ್ರೆ ಜಗಳ.

ಡಾಲಸ್ ಪಕ್ಕದ ಪ್ಲೇನೋ ನೋಡಿ, ದೊಡ್ಡ ದೊಡ್ಡ ಕಂಪನಿ ಕಟ್ಟಡಗಳು, ರೀಕ್ಯಾಪ್ಚರ್ ಕಟ್ಟೋ ಡಿಸ್ಟ್ರಿಕ್ಟ್, ಆದರೂ ಮಕ್ಕಳು ಕಮ್ಮಿಯಾಗಿ 2024ರಲ್ಲಿ ನಾಲ್ಕು ಶಾಲೆ ಮುಚ್ಚೋ ತೀರ್ಮಾನ ಮಾಡಿದ್ರು. ತಲೆ ಎಣಿಸೋದು ಕೂಡ ಸೇರಿದವರದ್ದಲ್ಲ, ದಿನಾ ಹಾಜರಿ ಇದ್ದವರದ್ದು. ಡಿಸೆಂಬರಲ್ಲಿ ರಜೆಗೆ ಎರಡು ವಾರ ಮುಂಚೇನೇ ಮಕ್ಕಳನ್ನ ಊರಿಗೆ ಕರ್ಕೊಂಡು ಹೋಗ್ತೀವಲ್ಲ ನಾವೆಲ್ಲ, ಶಾಲೆ ದುಡ್ಡಿಗೆ ಕತ್ತರಿ ಅದು.

ನನ್ನ ಕೇಳಿದ್ರೆ ಎರಡೂ ಬಿಟ್ಟು ಐದಾರು ವರ್ಷ ಹಳೇದಾದ ಮನೆ ನೋಡಿ, ಪೂರ್ತಿ ಬಿಲ್ ಕಣ್ಣೆದುರಿಗೆ ಇರತ್ತೆ, ಊಹೆ ಮಾಡೋ ಕೆಲಸ ಕಮ್ಮಿ. ಶಾಲೆ ಹೇಗಿದೆ ಅಂತ ಆ ರೋಡಲ್ಲಿ ಬಸ್ಸಿಗೆ ನಿಂತಿರೋ ಅಪ್ಪ ಅಮ್ಮಂದಿರನ್ನ ಕೇಳಿ. ಯಾವ ಮನೆ ತಗೊಂಡ್ರೂ ಹೋಮ್‌ಸ್ಟೆಡ್ ಎಕ್ಸೆಂಪ್ಶನ್, ಅಂದ್ರೆ ನಾವೇ ವಾಸ ಇರೋ ಮನೆಗೆ ಕೊಡೋ ಟ್ಯಾಕ್ಸ್ ವಿನಾಯಿತಿ, ಅದಕ್ಕೆ ಅರ್ಜಿ ಹಾಕಿ, ಸ್ಕೂಲ್ ಟ್ಯಾಕ್ಸಿಗೆ 1,40,000 ಡಾಲರ್ ಬೆಲೆ ಕಳೀತಾರೆ ಈಗ, ನಮ್ಮ ಕಾಲದಲ್ಲಿ 25,000 ಇತ್ತು. ಅರ್ಜಿ ಫ್ರೀ, ದುಡ್ಡು ಕೊಡಿ ನಾವು ಹಾಕ್ಕೊಡ್ತೀವಿ ಅಂತ ಸರ್ಕಾರಿ ಥರ ಕಾಣೋ ಪತ್ರ ಬರ್ತವೆ, ಕಸಕ್ಕೆ ಹಾಕಿ.

ಹೊಸ ಮನೇನೇ ಬೇಕು ಅಂತ ಹಟ ಇದ್ರೆ ಬಿಲ್ಡರ್ ಹೇಳೋ ಟ್ಯಾಕ್ಸ್ ನಂಬಬೇಡಿ. ಅಪ್ರೈಸಲ್ ಡಿಸ್ಟ್ರಿಕ್ಟ್ (ಆಸ್ತಿಗೆ ಬೆಲೆ ಕಟ್ಟೋ ಕಚೇರಿ) ವೆಬ್‌ಸೈಟಲ್ಲಿ ಆ ವಿಳಾಸ ಹಾಕಿ, ಲ್ಯಾಂಡ್ ಅಂತ ಒಂದು ಸಾಲು, ಇಂಪ್ರೂವ್‌ಮೆಂಟ್ ಅಂತ, ಅಂದ್ರೆ ಕಟ್ಟಿದ ಮನೆಗೆ, ಇನ್ನೊಂದು ಸಾಲು ಇರತ್ತೆ. ಎರಡನೇದರ ಮುಂದೆ ಸೊನ್ನೆ ಇದ್ರೆ ಸೈನ್ ಮಾಡೋಕೆ ಮುಂಚೆ ನನಗೊಂದು ಮೆಸೇಜ್ ಹಾಕಿ, ಕೂತು ಲೆಕ್ಕ ಹಾಕೋಣ.